ಹಬ್ಬ ಬಿಡುವುದು ಸತ್ತವರಿಗೆ

ನಮ್ಮ ಕಡೆ ಹಬ್ಬ ಬಿಡುವುದಕ್ಕೆ ಇರುವುದು ಒಂದೇ ಕಾರಣ, ಸಾವು. ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಆ ವರ್ಷ ಹಬ್ಬಕ್ಕೆ ಎಣ್ಣೆ ಇಡುವುದಿಲ್ಲ, ಕರಚಿಕಾಯಿ ಮಾಡುವುದಿಲ್ಲ, ಹೊಸ ಬಟ್ಟೆ ಹೊಲಿಸುವುದಿಲ್ಲ. ಅಕ್ಕಪಕ್ಕದವರು ತಾಟಿನಲ್ಲಿ ಫರಾಳ ತಂದುಕೊಟ್ಟು, ಬಾಗಿಲಲ್ಲೇ ನಿಂತು ಎರಡು ಮಾತಾಡಿ ಹೋಗುತ್ತಾರೆ. ದೀಪಾವಳಿ ಮಾಡುವವರಲ್ಲೂ ಹೀಗೇ, ಕ್ರಿಸ್ಮಸ್ ಮಾಡುವ ನಮ್ಮಲ್ಲೂ ಹೀಗೇ. ಧಾರವಾಡ, ಹುಬ್ಬಳ್ಳಿ, ಗದಗ ಕಡೆ 1830-40ರ ದಶಕಗಳಲ್ಲಿ ಬಾಸೆಲ್ ಮಿಶನ್ನಿನವರು ಬಂದು ನಮ್ಮ ಹಿರಿಯರಿಗೆ ಹೊಸ ಪುಸ್ತಕ ಕೊಟ್ಟರು, ಹೊಸ ಹಾಡು ಕಲಿಸಿದರು. ಆದರೆ ಸಾವಿನ ಮನೆಯ ಲೆಕ್ಕ ಮಾತ್ರ ಹಳೆಯದೇ ಉಳಿಯಿತು. ಅದರ ಬಗ್ಗೆ ನನ್ನ ತಕರಾರಿಲ್ಲ. ಸತ್ತವರಿಗೆ ಅಷ್ಟು ಮರ್ಯಾದೆ ಸಲ್ಲಬೇಕಾದದ್ದೇ.

ನನ್ನ ತಕರಾರು ಇರುವುದು ಈ ಲೆಕ್ಕವನ್ನು ಬದುಕಿರುವ ಮಗುವಿಗೆ ಹಚ್ಚುವುದರ ಬಗ್ಗೆ.

2014ರ ಅಕ್ಟೋಬರಿನಲ್ಲಿ ನನ್ನ ಮಗಳಿಗೆ ಅಕ್ಯೂಟ್ ಲಿಂಫೊಬ್ಲಾಸ್ಟಿಕ್ ಲ್ಯುಕೇಮಿಯಾ ಎಂದು ಗೊತ್ತಾಯಿತು. ರಕ್ತದ ಕ್ಯಾನ್ಸರ್. ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಇದೇ. ಆಗ ಅವಳಿಗೆ ಐದು ವರ್ಷ. ನಾವು ಡೊಂಬಿವಲಿಯಲ್ಲಿದ್ದೆವು, ಈಗಲೂ ಅಲ್ಲೇ ಇದ್ದೇವೆ. ಚಿಕಿತ್ಸೆ ಪರೇಲಿನ ಟಾಟಾ ಮೆಮೋರಿಯಲ್‌ನಲ್ಲಿ. ಗದಗ ಜಿಲ್ಲೆಯ ನಮ್ಮೂರಿಗೆ ಫೋನ್ ಮಾಡಿ ವಿಷಯ ತಿಳಿಸಿದ ಮರುವಾರವೇ ಅಲ್ಲಿಂದ ಮೊದಲ ತೀರ್ಮಾನ ಬಂತು. ಚಿಕಿತ್ಸೆಯ ಬಗ್ಗೆ ಅಲ್ಲ, ರಕ್ತ ಕೊಡುವ ಬಗ್ಗೆಯೂ ಅಲ್ಲ. "ಈ ವರ್ಷ ಕ್ರಿಸ್ಮಸ್ ಗಿಸ್ಮಸ್ ಏನೂ ಬ್ಯಾಡವಾ. ಕೂಸಿಗೆ ಹಂಗಾಗಿರೋವಾಗ ಎಣ್ಣಿ ಇಟ್ರ ಮಂದಿ ಏನಂದಾರು?" ಅಂದಳು ಚಿಗವ್ವ. ಸೋದರಮಾವನದು ಇನ್ನೊಂದು ಕಾರಣ: ನಕ್ಕು ನಲಿದರೆ ದೃಷ್ಟಿ ತಗಲುತ್ತದೆ, ಹುಷಾರಾಗುವ ಕೂಸು ಹುಷಾರಾಗುವುದಿಲ್ಲ. ಪ್ರತಿ ಭಾನುವಾರ ಸಭೆಗೆ ತಪ್ಪದೆ ಹೋಗುವ ಮನುಷ್ಯ ಅವನು.

ಒಂದು ರಾತ್ರಿಯ ರೈಲಿನ ಆಚೆ ಇರುವ ಮಂದಿ, ಡೊಂಬಿವಲಿಯ ಮೂರನೇ ಮಹಡಿಯಲ್ಲಿ ನಾನು ಕಡಾಯಿ ಇಟ್ಟದ್ದನ್ನು ಹೇಗೆ ನೋಡುತ್ತಾರೆ, ನೋಡಿ ಏನಂದಾರು ಅನ್ನುವುದು ನನಗೆ ಇವತ್ತಿಗೂ ಬಗೆಹರಿಯದ ಮಾತು. ಇಲ್ಲಿನ ಮಂದಿ ಏನೂ ಅನ್ನಲಿಲ್ಲ. ಎದುರು ಮನೆಯ ಮರಾಠಿ ಕಾಕು ದೀಪಾವಳಿಗೆ ಪ್ರತಿವರ್ಷದ ಹಾಗೆ ಕರಂಜಿ ಕೊಟ್ಟು, "ನಿಮ್ಮ ನಾತಾಳಕ್ಕೆ ನಿಮ್ಮದು ಕಳಿಸಬೇಕು ನೋಡು" ಅಂತ ಹೇಳಿಯೇ ಹೋದಳು. ಕರಂಜಿಯೂ ಕರಚಿಕಾಯಿಯೂ ಒಂದೇ, ಹೂರಣದಲ್ಲಿ ಸ್ವಲ್ಪ ಹೆಚ್ಚುಕಡಿಮೆ ಅಷ್ಟೇ.

ಐದು ವರ್ಷದ ಮಗುವಿಗೆ ಕಾಲ ಅಂದರೆ ಏನು ಅನ್ನುವುದನ್ನು ಸ್ವಲ್ಪ ಯೋಚಿಸಿ ನೋಡಿ. ಈ ರೋಗದ ಚಿಕಿತ್ಸೆ ಎರಡು ಎರಡೂವರೆ ವರ್ಷ ನಡೆಯುತ್ತದೆ. ಮೊದಲ ಕೆಲವು ತಿಂಗಳು ಕಠಿಣ: ಸ್ಟೆರಾಯ್ಡು, ಇಂಜೆಕ್ಷನ್ನು, ಬೆನ್ನುಹುರಿಗೆ ಕೊಡುವ ಔಷಧ. ಆಮೇಲೆ ದಿನಾ ರಾತ್ರಿ ಒಂದು ಗುಳಿಗೆ, ವಾರಕ್ಕೊಮ್ಮೆ ಇನ್ನೊಂದು, ನಡುನಡುವೆ ರಕ್ತಪರೀಕ್ಷೆ. ದೊಡ್ಡವರಾದ ನಮಗೆ ಆಸ್ಪತ್ರೆಯವರು ಕೊಟ್ಟ ಫೈಲಿನಲ್ಲಿ ವಾರಗಳ ಲೆಕ್ಕ ಇರುತ್ತದೆ. ಮಗುವಿಗೆ 'ನಲವತ್ತನೇ ವಾರ' ಅಂದರೆ ಏನು ತಿಳಿಯಬೇಕು? ಅದಕ್ಕೆ ತಿಳಿಯುವುದು ಕ್ರಿಸ್ಮಸ್ ಆದ ಮೇಲೆ, ನನ್ನ ಹುಟ್ಟಿದ ಹಬ್ಬ ಆದ ಮೇಲೆ, ಮಾವಿನಹಣ್ಣು ಬಂದಾಗ. ಹಬ್ಬಗಳೇ ಅದರ ಕ್ಯಾಲೆಂಡರು. ನೀವು ಹಬ್ಬ ಕಿತ್ತುಕೊಂಡರೆ ಅದರ ಮುಂದೆ ಉಳಿಯುವುದು ಸೂಜಿಗಳ ಒಂದು ಉದ್ದನೆಯ ಸಾಲು ಮಾತ್ರ.

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ಮಕ್ಕಳು ದಡ್ಡರಲ್ಲ. ಅದರ ಹಿಂದಿನ ವರ್ಷ, 2013ರಲ್ಲಿ, ನಮ್ಮ ಮಾವನವರು ತೀರಿಕೊಂಡಿದ್ದರು. ಆ ಸಲ ನಾವು ಕ್ರಿಸ್ಮಸ್ ಮಾಡಿರಲಿಲ್ಲ. ಫೋನಿನಲ್ಲಿ ನನ್ನ ಮತ್ತು ಚಿಗವ್ವನ ವಾದ ಕೇಳಿಸಿಕೊಂಡ ಮಗಳು ರಾತ್ರಿ ಮಲಗುವಾಗ ಕೇಳಿದಳು: "ಅವ್ವಾ, ಈ ಸಲಾನೂ ಯಾರರೆ ಸತ್ತಾರೇನ?"

ಹಬ್ಬ ಬೇಡ ಅನ್ನುವ ಎಲ್ಲರ ಎದುರಿಗೂ ನಾನು ಇಡುವ ಪ್ರಶ್ನೆ ಅದೇ. ಯಾರು ಸತ್ತಿದ್ದಾರೆ? ಒಂದು ಮಗು ಎದ್ದು ಕೂತು ಚಕ್ಕಲಿ ಕೇಳುತ್ತಿರುವಾಗ ಅದರ ಮನೆಯಲ್ಲಿ ಸಾವಿನ ವರ್ಷದ ನಿಯಮ ಪಾಲಿಸಿದರೆ, ಆ ಮಗುವಿಗೆ ನೀವು ಹೇಳುತ್ತಿರುವುದೇನು? ಸಂಕಟವನ್ನು ಗೌರವಿಸುತ್ತಿದ್ದೇವೆ ಅಂತ ನಿಮಗೆ ಅನ್ನಿಸಬಹುದು. ಮಗುವಿಗೆ ಕೇಳಿಸುವುದು ಬೇರೆ.

ನಾವು ಎಣ್ಣೆ ಇಟ್ಟೆವು. ಚಿಕಿತ್ಸೆಯ ನಿಯಮಗಳಿಗೆ ಇದು ಅಡ್ಡಿಯೂ ಆಗಲಿಲ್ಲ. ರಕ್ತದ ಬಿಳಿಕಣ ಇಳಿದಿರುವಾಗ ಡಾಕ್ಟರು ಹೇಳುವುದು ಇಷ್ಟು: ಹೊರಗಿನ ತಿಂಡಿ ಬೇಡ, ಹಸಿಯಾದದ್ದು ಬೇಡ, ಜನಸಂದಣಿ ಬೇಡ, ನೆಗಡಿ ಕೆಮ್ಮು ಇದ್ದವರು ಹತ್ತಿರ ಬರುವುದು ಬೇಡ, ಜ್ವರ ಬಂದರೆ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ಮನೆಯಲ್ಲಿ ಕೈ ತೊಳೆದು, ಬಿಸಿಬಿಸಿ ಎಣ್ಣೆಯಲ್ಲಿ ಕರಿದದ್ದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. ಆದ್ದರಿಂದ ಒಣಕೊಬ್ಬರಿ, ಗಸಗಸೆ, ಸಕ್ಕರೆಯ ಹೂರಣ; ಚಕ್ಕಲಿ; ಶಂಕರಪಾಳಿ. ದೀಪಾವಳಿಯ ಆಕಾಶಕಂದೀಲು ಮಾರುವ ಅಂಗಡಿಯಲ್ಲೇ ಡಿಸೆಂಬರಿಗೆ ನಕ್ಷತ್ರ ಸಿಗುತ್ತದೆ, ಅದನ್ನು ಕಿಟಕಿಗೆ ಕಟ್ಟಿದೆವು. ಸಭೆಗೆ ಹೋಗಲಿಲ್ಲ, ಹೋಗುವ ಹಾಗಿರಲಿಲ್ಲ. ಇಲ್ಲಿನ ನಮ್ಮ ಕನ್ನಡ ಸಭೆಯ ನಾಲ್ಕು ಜನ ಬಂದು ಕೆಳಗೆ ಅಂಗಳದಲ್ಲಿ ನಿಂತೇ ಎರಡು ಹಾಡು ಹಾಡಿ ಕೈ ಬೀಸಿ ಹೋದರು, ಮೇಲೆ ಬರುತ್ತೇವೆ ಅನ್ನಲಿಲ್ಲ. ಅವರಿಗೆ ಆ ಬುದ್ಧಿ ಯಾರೂ ಹೇಳಿಕೊಟ್ಟಿರಲಿಲ್ಲ. ಅದೇ ತಿಂಗಳು ಊರಿನಿಂದ 'ಕೂಸನ್ನ ನೋಡಲಿಕ್ಕೆ' ಅಂತ ಎಂಟು ಜನ ಕೂಡಿ ಹೊರಟಿದ್ದರು. ಹಬ್ಬ ಬೇಡ, ಆದರೆ ಗುಂಪು ಬೇಕು! ಅವರನ್ನು ತಡೆಯಲು ನಮ್ಮ ಮನೆಯವರು ಪಟ್ಟ ಪಾಡು ಬೇರೆಯೇ ಕಥೆ, ಇಲ್ಲಿ ಬೇಡ.

ಟಾಟಾ ಆಸ್ಪತ್ರೆ ಶುರುವಾದದ್ದು 1941ರಲ್ಲಿ. ಅಂದಿನಿಂದಲೂ ದೂರದೂರದಿಂದ ಜನ ಅಲ್ಲಿಗೆ ಬರುತ್ತಲೇ ಇದ್ದಾರೆ. ಬೆಂಗಳೂರಿನಲ್ಲಿ 1973ರಲ್ಲಿ ಕಿದ್ವಾಯಿ ಸಂಸ್ಥೆ ಬಂದಿದ್ದರೂ, ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯವರಿಗೆ ಮುಂಬೈಯ ರೈಲು ಹತ್ತಿರದ್ದು ಅನ್ನಿಸುತ್ತದೆ. ದಾದರಿನಲ್ಲಿ ಗಾಡಗೆ ಮಹಾರಾಜರ ಹೆಸರಿನ ಧರ್ಮಶಾಲೆ ಇದೆ, ರೋಗಿಗಳೂ ಅವರ ಜೊತೆಗೆ ಬಂದವರೂ ಅಲ್ಲಿ ಇರುತ್ತಾರೆ. ಸಣ್ಣ ಮಕ್ಕಳನ್ನು ಕರೆತಂದ ತಂದೆತಾಯಿಗಳಿಗೆ ಉಚಿತವಾಗಿ ಕೋಣೆ ಕೊಡುವ ಸೇಂಟ್ ಜೂಡ್ ಇಂಡಿಯಾ ಚೈಲ್ಡ್‌ಕೇರ್ ಸೆಂಟರ್ಸ್ ಮುಂಬೈಯಲ್ಲಿ 2006ರಲ್ಲಿ ಶುರುವಾಯಿತು. ಎಲ್ಲೂ ಜಾಗ ಸಿಗದವರು ಆಸ್ಪತ್ರೆಯ ಸುತ್ತಲ ಫುಟ್‌ಪಾತಿನಲ್ಲಿ ಪ್ಲಾಸ್ಟಿಕ್ ಹಾಸಿಕೊಂಡು ಮಲಗುತ್ತಾರೆ. ಈ ಎಲ್ಲ ಕಡೆಯೂ ಕನ್ನಡ ಕಿವಿಗೆ ಬೀಳುತ್ತದೆ. ಓಪಿಡಿ ಸಾಲಿನಲ್ಲಿ ನನಗೆ ಸಿಕ್ಕ ಕನ್ನಡದ ತಾಯಂದಿರಿಗೆ ಹಿಂದಿ, ಮರಾಠಿಯ ಚೀಟಿ ಓದಿ ಹೇಳುವುದು ನನ್ನ ಕೆಲಸವಾಗಿಬಿಟ್ಟಿತ್ತು.

ಅವರಲ್ಲಿ ಒಬ್ಬಾಕೆ ವಿಜಯಪುರ ಜಿಲ್ಲೆಯವಳು. ಏಳು ವರ್ಷದ ಗಂಡುಮಗ. 2015ರ ಪಂಚಮಿಗೆ ಅವಳು ಧರ್ಮಶಾಲೆಯಲ್ಲಿದ್ದಳು. ಪಂಚಮಿ ಅಂದರೆ ನಮ್ಮ ಕಡೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಜೋಕಾಲಿ, ಅಳ್ಳು, ಐದಾರು ತರದ ಉಂಡಿ. ನಾನು ಸ್ಟವ್ ಕೊಡುತ್ತೇನೆ, ಶೇಂಗಾ ಉಂಡಿ ಮಾಡು, ಹುಡುಗ ಕೇಳುತ್ತಿದ್ದಾನೆ ಅಂದೆ. ಅತ್ತೆ ಫೋನಿನಲ್ಲಿ ಹೇಳಿದ್ದಾಳಂತೆ, ಹುಡುಗ ಪೂರ್ತಿ ನೆಟ್ಟಗಾಗಿ ಊರಿಗೆ ಬಂದ ಮೇಲೆಯೇ ಮನೆಯಲ್ಲಿ ಹಬ್ಬ, ಅಲ್ಲಿಯವರೆಗೆ ಯಾವ ಹಬ್ಬಾನೂ ಇಲ್ಲ. ಹರಕೆ ಅದು. ಅವಳು ಮಾಡಲಿಲ್ಲ. ಹುಡುಗ ಆ ಚಳಿಗಾಲದಲ್ಲಿ ತೀರಿಹೋದ. ಮರುವರ್ಷ ಫೋನ್ ಮಾಡಿದಾಗ ಬೇರೆ ಏನೇನೋ ಮಾತಾಡಿ ಕೊನೆಗೆ ಅಂದಳು: "ಇದ್ದಾಗರೆ ಮಾಡಿದ್ದರ ಒಂದು ಉಂಡಿ ತಿಂದಿರತಿದ್ದ ನೋಡ್ರಿ ಅಕ್ಕಾರ."

ಅತ್ತೆ ಕೆಟ್ಟವಳಲ್ಲ. ಮೊಮ್ಮಗನ ಮೇಲಿನ ಪ್ರೀತಿಯಿಂದಲೇ ಆ ಹರಕೆ ಕಟ್ಟಿಕೊಂಡದ್ದು. ಆದರೆ ಅದಕ್ಕೆ ತೆತ್ತವರು ಯಾರು? ಹಬ್ಬವನ್ನು ಗುಣವಾದದ್ದಕ್ಕೆ ಕೊಡುವ ಬಹುಮಾನ ಅಂತ ಇಟ್ಟುಕೊಂಡರೆ, ಗುಣವಾಗದ ಮಗುವಿಗೆ ಹಬ್ಬವೇ ಇಲ್ಲ. ಹಬ್ಬದ ಅಗತ್ಯ ಎಲ್ಲರಿಗಿಂತ ಹೆಚ್ಚು ಇದ್ದದ್ದು ಆ ಮಗುವಿಗೇ.

ಇದಿಷ್ಟು ಹಬ್ಬ ಬೇಡ ಅನ್ನುವವರ ಮಾತಾಯಿತು. ಹೆಸರು ಹೇಳಬೇಡ ಅನ್ನುವವರದು ಇದರ ಒಡಹುಟ್ಟಿದ ಮಾತು. ನಮ್ಮೂರಿನಲ್ಲಿ ನನ್ನ ಮಗಳಿಗೆ ಬಂದದ್ದು ಟೈಫಾಯಿಡು. ಹಾಗಂತ ನಮ್ಮ ಬಳಗದವರು ಹೇಳಿಕೊಂಡು ಬಂದಿದ್ದರು, ನಮ್ಮನ್ನು ಕೇಳದೆ. ಎರಡೂವರೆ ವರ್ಷ ಇರುವ ಟೈಫಾಯಿಡನ್ನು ಊರು ಹೇಗೆ ನಂಬಿತೋ ಕಾಣೆ. ಕೇಳಿದರೆ, "ಹೆಣ್ಣಕೂಸು, ನಾಳೆ ಲಗ್ನಕ್ಕ ಬಂದಾಗ ಅಡ್ಡಿ ಆಗಬಾರದು" ಅಂತ. ಐದು ವರ್ಷದ ಮಗುವಿನ ಬಿಳಿಕಣ ಎಣಿಸುತ್ತ ಕೂತವರಿಗೆ ಇಪ್ಪತ್ತು ವರ್ಷದ ಆಚೆಯ ಲಗ್ನದ ಚಿಂತೆ! ಈ ಕಾಯಿಲೆ ಅಂಟುವುದಿಲ್ಲ. ಬಹುತೇಕ ಮಕ್ಕಳಲ್ಲಿ ಇದು ವಂಶದಿಂದ ಬಂದದ್ದೂ ಅಲ್ಲ. ಇದೇ ಚಿಕಿತ್ಸೆ ಮುಗಿಸಿದ ಹೆಣ್ಣುಮಕ್ಕಳು ಬಹಳ ಜನ ಮದುವೆಯಾಗಿ ಮಕ್ಕಳ ತಾಯಂದಿರಾಗಿದ್ದಾರೆ.

ಮುಚ್ಚಿಡುವುದರಿಂದ ಆಗುವ ಹಾನಿ ಮಾತ್ರ ಬಲು ಸ್ಪಷ್ಟ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರಿಗೂ ರೈಲ್ವೆಯಲ್ಲಿ ರಿಯಾಯಿತಿ ಇದೆ. ಆದರೆ ಆ ಫಾರ್ಮಿನ ಮೇಲೆ ರೋಗದ ಹೆಸರು ಇರುತ್ತದೆ. ಊರಿನ ಸ್ಟೇಷನ್ನಿನಲ್ಲಿ ಪರಿಚಯದವರು ಇದ್ದಾರೆ ಅಂತ ಫಾರ್ಮು ತೋರಿಸದೆ ಪೂರ್ತಿ ದುಡ್ಡು ಕೊಟ್ಟು ಬರುತ್ತಿದ್ದ ಕುಟುಂಬವನ್ನು ನಾನು ಬಲ್ಲೆ. ದುಡ್ಡು ಸಾಲದೇ ಬಂದಾಗ ಎರಡು ಸಲ ತಾರೀಕು ತಪ್ಪಿಸಿದರು. ತಾರೀಕು ತಪ್ಪುವುದು ಈ ಕಾಯಿಲೆಯಲ್ಲಿ ಸಣ್ಣ ಮಾತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು ಮತ್ತು ಹದಿಹರೆಯದವರಿಗೆ ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ಅವರಲ್ಲಿ 100ಕ್ಕೆ 80ಕ್ಕಿಂತ ಹೆಚ್ಚು ಜನ ಗುಣವಾಗುತ್ತಾರೆ, ಬಡ ಮತ್ತು ಮಧ್ಯಮ ಆದಾಯದ ಅನೇಕ ದೇಶಗಳಲ್ಲಿ 30 ಜನವೂ ಇಲ್ಲ. ಈ ಅಂತರಕ್ಕೆ ಸಂಸ್ಥೆ ಕೊಡುವ ಕಾರಣಗಳಲ್ಲಿ ತಡವಾಗಿ ಗೊತ್ತಾಗುವುದು, ಔಷಧ ಸಿಗದಿರುವುದರ ಜೊತೆಗೆ ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುವುದೂ ಸೇರಿದೆ. ಇನ್ನೊಂದು ಮಾತು. ನಮ್ಮ ದೇಶದ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಬರುವ ಮಕ್ಕಳಲ್ಲಿ ಗಂಡುಮಕ್ಕಳ ಸಂಖ್ಯೆ ಎದ್ದು ಕಾಣುವಷ್ಟು ಹೆಚ್ಚು. ರೋಗವೇ ಗಂಡುಮಕ್ಕಳಿಗೆ ಒಂದಿಷ್ಟು ಹೆಚ್ಚು ಬರುತ್ತದೆ ನಿಜ, ಆದರೆ ಅಂತರ ಅಷ್ಟಕ್ಕೇ ಮುಗಿಯುವುದಿಲ್ಲ. ಆಸ್ಪತ್ರೆಯ ಸಾಲಿಗೆ ಬರದೇ ಉಳಿದ ಆ ಹೆಣ್ಣುಮಕ್ಕಳು ಎಲ್ಲಿದ್ದಾರೆ? 'ಲಗ್ನಕ್ಕ ಅಡ್ಡಿ ಆಗಬಾರದು' ಅನ್ನುವ ಮಾತು ಎಷ್ಟು ಮನೆಗಳಲ್ಲಿ ಚಿಕಿತ್ಸೆಗೇ ಅಡ್ಡಿಯಾಗಿದೆಯೋ.

ಮಗಳಿಗೆ ಅವಳ ಕಾಯಿಲೆಯ ಹೆಸರು ಗೊತ್ತಿದೆ. ಗೊತ್ತಿರಲೇಬೇಕು. ಮುಂದೆ ಯಾವ ಊರಿನಲ್ಲಿದ್ದರೂ, ಯಾವ ಡಾಕ್ಟರ ಹತ್ತಿರ ಹೋದರೂ, ಚಿಕ್ಕಂದಿನಲ್ಲಿ ತನಗೆ ಯಾವ ಯಾವ ಔಷಧ ಕೊಟ್ಟಿದ್ದರು ಅಂತ ಅವಳೇ ಹೇಳಬೇಕಾಗುತ್ತದೆ. ಕೆಲವು ಔಷಧಗಳ ಪರಿಣಾಮ ಹೃದಯದ ಮೇಲೆ ವರ್ಷಗಳ ನಂತರವೂ ಕಾಣಿಸಿಕೊಳ್ಳಬಹುದು ಅಂತ ಈಗಲೂ ತಪಾಸಣೆಗೆ ಕರೆಯುತ್ತಾರೆ. 'ಟೈಫಾಯಿಡು' ಅಂತ ಹೇಳಿ ಬೆಳೆಸಿದ ಹುಡುಗಿ ಆ ಡಾಕ್ಟರಿಗೆ ಏನು ಹೇಳಬೇಕು?

ಈಗ ಇಷ್ಟೆಲ್ಲ ಬರೆಯಲು ಕಾರಣವಾದದ್ದು ಬೇರೆ. 2017ರ ಏಪ್ರಿಲಿನಲ್ಲಿ ಅವಳ ಕೊನೆಯ ಗುಳಿಗೆ ಮುಗಿಯಿತು. 2022ಕ್ಕೆ ಐದು ವರ್ಷ ತುಂಬಿತು. 2025ರಲ್ಲಿ ಹತ್ತನೇ ತರಗತಿ ಪಾಸಾದಳು, ಗಣಿತದಲ್ಲಿ ಅವರಪ್ಪ ಅಂದುಕೊಂಡದ್ದಕ್ಕಿಂತ ಹೆಚ್ಚು ಅಂಕ ಬಂದವು. ಈ ಡಿಸೆಂಬರಿನಲ್ಲಿ ಊರಿನ ಸಭೆಯಲ್ಲಿ ಅವಳ ದೃಢೀಕರಣ ಆಗಲಿ, ಕ್ರಿಸ್ಮಸ್ಸೂ ಎಲ್ಲರ ಜೊತೆ ಆಗಲಿ ಅಂತ ನಾವೂ ಒಪ್ಪಿದ್ದೆವು. ಅಷ್ಟರಲ್ಲಿ ಊರಿನಿಂದ ಕಾರ್ಯಕ್ರಮದ ಪಟ್ಟಿ ಬಂತು. ಕೃತಜ್ಞತಾ ಕೂಟ, ಪೆಂಡಾಲು, ಮುನ್ನೂರು ಜನಕ್ಕೆ ಊಟ. ನಡುವೆ 'ಅದ್ಭುತವಾಗಿ ಸ್ವಸ್ಥಳಾದ ಸಹೋದರಿಯ ಸಾಕ್ಷಿ'. ಅಂದರೆ ನನ್ನ ಮಗಳು ವೇದಿಕೆ ಹತ್ತಿ, ಮೈಕ್ ಹಿಡಿದು, ಮರಣದ ಬಾಗಿಲಿನಿಂದ ದೇವರು ತನ್ನನ್ನು ಎಳೆದುಕೊಂಡ ಬಗೆಯನ್ನು ಹೇಳಬೇಕು. ಎರಡೂವರೆ ವರ್ಷ ಟೈಫಾಯಿಡು ಅಂದವರೇ ಈಗ ಮುನ್ನೂರು ಜನರ ಮುಂದೆ ಕ್ಯಾನ್ಸರಿನ ಹೆಸರು ಹೇಳಿಸಲು ತಯಾರು! ಕಾಯಿಲೆ ಇದ್ದಾಗ ಅದು ಕುಟುಂಬದ ಅವಮಾನ, ಗುಣವಾದ ಮೇಲೆ ಕುಟುಂಬದ ಕಿರೀಟ. ಎರಡರಲ್ಲೂ ಹುಡುಗಿಯನ್ನು ಕೇಳಿದವರಿಲ್ಲ.

ದೇವರಿಗೆ ವಂದನೆ ಹೇಳುವುದು ತಪ್ಪು ಅಂತ ನಾನು ಹೇಳುತ್ತಿಲ್ಲ. ಎರಡೂವರೆ ವರ್ಷ ಪ್ರಾರ್ಥನೆ ಮಾಡದೆ ಮಲಗಿದ ರಾತ್ರಿ ನನಗೆ ನೆನಪಿಲ್ಲ. ಆದರೆ ಆ ವಿಜಯಪುರದ ತಾಯಿಯೂ ಪ್ರಾರ್ಥನೆ ಮಾಡಿದಳು, ತನ್ನ ದೇವರಿಗೆ, ತನ್ನ ರೀತಿಯಲ್ಲಿ. ಒಂದೇ ಬೆಂಚಿನ ಮೇಲೆ ಕೂತು ಇಬ್ಬರೂ ಮಾಡಿದ್ದೇವೆ. 'ನಂಬಿಕೆಯಿಂದ ಬೇಡಿದ್ದಕ್ಕೆ ನಮ್ಮ ಮಗು ಉಳಿಯಿತು' ಅಂತ ನಾನು ವೇದಿಕೆಯ ಮೇಲೆ ನಿಂತು ಹೇಳಿದರೆ, ಅವಳ ಬೇಡಿಕೆಯಲ್ಲಿ ಏನು ಕೊರತೆ ಇತ್ತು ಅಂತಲೂ ನಾನೇ ಹೇಳಬೇಕಾಗುತ್ತದೆ. ಆ ಮುನ್ನೂರು ಜನರಲ್ಲಿ ಮಗು ಕಳೆದುಕೊಂಡ ತಾಯಿ ಒಬ್ಬಳೂ ಇರುವುದಿಲ್ಲವೇ? ಅವಳು ಆ ಸಾಕ್ಷಿ ಕೇಳಿ, ಊಟ ಮಾಡಿ, ಎಲೆ ಅಡಿಕೆ ಹಾಕಿಕೊಂಡು ಮನೆಗೆ ಹೋಗಬೇಕೇ? ಕ್ರಿಸ್ಮಸ್ಸಿನ ಕಥೆಯಲ್ಲೇ ಇದಕ್ಕೆ ಉತ್ತರ ಇದೆ, ನಾವು ಮಕ್ಕಳ ನಾಟಕದಲ್ಲಿ ಆ ಭಾಗ ಬಿಟ್ಟುಬಿಡುತ್ತೇವೆ. ಬೇತ್ಲೆಹೇಮಿನಲ್ಲಿ ಒಂದು ಕೂಸು ತಪ್ಪಿಸಿಕೊಂಡು ಐಗುಪ್ತಕ್ಕೆ ಹೋಯಿತು. ಉಳಿದ ಕೂಸುಗಳನ್ನು ಹೆರೋದನ ಸೈನಿಕರು ಕೊಂದರು. ಆ ತಾಯಂದಿರು ಸಮಾಧಾನವನ್ನು ಒಲ್ಲೆ ಅಂದರು ಅಂತ ಮತ್ತಾಯನು ಬರೆದಿದ್ದಾನೆ. ಅವರ ಎದುರಿಗೆ ಹೋಗಿ ಮರಿಯಳು ಸಾಕ್ಷಿ ಹೇಳಿದಳು ಅಂತ ಎಲ್ಲೂ ಬರೆದಿಲ್ಲ.

ಪಶ್ಚಿಮದ ಚರ್ಚುಗಳು ಆ ಕೂಸುಗಳ ನೆನಪನ್ನು ಡಿಸೆಂಬರ್ 28ಕ್ಕೆ ಮಾಡುತ್ತವೆ. 1947ರ ಅದೇ ಡಿಸೆಂಬರ್ 28ರಂದು ಬಾಸ್ಟನ್ನಿನಲ್ಲಿ ಸಿಡ್ನಿ ಫಾರ್ಬರ್ ಎಂಬ ಡಾಕ್ಟರು ರಕ್ತದ ಕ್ಯಾನ್ಸರ್ ಇದ್ದ ಎರಡು ವರ್ಷದ ಹುಡುಗನಿಗೆ ಅಮಿನೋಪ್ಟೆರಿನ್ ಎಂಬ ಔಷಧ ಚುಚ್ಚಿದರು. ಆ ಔಷಧ ಬಂದದ್ದು ಲೆಡರ್ಲಿ ಕಂಪನಿಯ ಪ್ರಯೋಗಾಲಯದಿಂದ. ಅಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದವರು ಆಂಧ್ರದ ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಹುಡುಗ ಚೇತರಿಸಿಕೊಂಡ, ಕೆಲವು ತಿಂಗಳು ಮಾತ್ರ. ಆಮೇಲೆ ಕಾಯಿಲೆ ಮರಳಿ ಬಂತು, ತೀರಿಹೋದ. ಆದರೆ ಆ ಕೆಲವು ತಿಂಗಳಿಂದಲೇ ಮುಂದಿನದೆಲ್ಲ ಶುರುವಾಯಿತು. ಅದೇ ಜಾತಿಯ ಮೆಥೊಟ್ರೆಕ್ಸೇಟ್ ಗುಳಿಗೆಯನ್ನು ನನ್ನ ಮಗಳು ವಾರಕ್ಕೊಮ್ಮೆ ನುಂಗಿದಳು. ಅವಳಿಗೆ ಕೊಟ್ಟ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ನು ತಯಾರಾಗುವುದು ಕಾಶಿಕಣಗಿಲೆಯಿಂದ. ಮರಾಠಿಯವರು ಸದಾಫುಲಿ ಅನ್ನುತ್ತಾರೆ. ಯಾರೂ ನೀರು ಹಾಕದಿದ್ದರೂ ಗೋಡೆಯ ಬುಡದಲ್ಲಿ ಹೂಬಿಡುವ ಗಿಡ. ಇನ್ನು ಪ್ಲೇಟ್‌ಲೆಟ್ಟು. ಕೊಟ್ಟ ಮೇಲೆ ಐದೇ ದಿನ ಅದರ ಆಯಸ್ಸು, ಆದ್ದರಿಂದ ದಾನಿಗಳು ಮತ್ತೆಮತ್ತೆ ಬೇಕಾಗುತ್ತದೆ. ಹಬ್ಬದ ರಜೆಗಳಲ್ಲಿ ದಾನಿ ಸಿಗುವುದು ಕಷ್ಟ. 2014ರ ಡಿಸೆಂಬರಿನಲ್ಲಿ ನಮಗೆ ಕೊಟ್ಟವರು ನಮ್ಮ ಮನೆಯವರ ವರ್ಕ್‌ಶಾಪಿನ ಇಬ್ಬರು, ಹೆಸರೇ ಗೊತ್ತಿಲ್ಲದ ಒಬ್ಬ ಕಾಲೇಜು ಹುಡುಗ. ಆ ಹುಡುಗ ಎರಡು ತಾಸು ಯಂತ್ರಕ್ಕೆ ಕೈಕೊಟ್ಟು ಮಲಗಿದ್ದು, ಎದ್ದು ಬಿಸ್ಕಿಟು ತಿಂದು, ಪರೀಕ್ಷೆ ಇದೆ ಅಂತ ಓಡಿದ.

ಇದನ್ನೆಲ್ಲ 'ಅದ್ಭುತ' ಅನ್ನುವ ಒಂದು ಶಬ್ದದಲ್ಲಿ ಮುಗಿಸಿದರೆ ಈ ಜನ ಎಲ್ಲಿ ಹೋದರು? ಅದ್ಭುತಕ್ಕೆ ಯಾರೂ ರಕ್ತ ಕೊಡಬೇಕಾಗಿಲ್ಲ, ತಾರೀಕು ತಪ್ಪದೆ ಹೋಗಬೇಕಾಗಿಲ್ಲ. ಸಾಕ್ಷಿ ಕೇಳಿ ಮನೆಗೆ ಹೋದ ಯಾರದಾದರೂ ಮಗುವಿಗೆ ನಾಳೆ ಇದೇ ಕಾಯಿಲೆ ಬಂದರೆ, ಅವರು ಮೊದಲು ಪ್ರಾರ್ಥನಾ ಕೂಟ ಹುಡುಕುತ್ತಾರೋ ಆಸ್ಪತ್ರೆ ಹುಡುಕುತ್ತಾರೋ? ನನಗೆ ಆ ಭಯ ಇದೆ.

ಮುಂಬೈಯವರೂ ಈ ವಿಷಯದಲ್ಲಿ ಸಾಚಾ ಅಲ್ಲ, ಅದನ್ನೂ ಹೇಳಿಬಿಡುತ್ತೇನೆ. ಡಿಸೆಂಬರ್ ಬಂತೆಂದರೆ ಕ್ಯಾನ್ಸರ್ ಮಕ್ಕಳಿಗೆ ಆಟಿಕೆ ಹಂಚುವವರ ಸಂಭ್ರಮ ಶುರು. ಕೆಂಪು ಟೊಪ್ಪಿಗೆ, ಬ್ಯಾನರು, ಫೋಟೋ. ಒಂದು ವಾರದಲ್ಲಿ ನನ್ನ ಮಗಳಿಗೆ ನಾಲ್ಕು ಕರಡಿ ಗೊಂಬೆ ಬಂದವು, ನಾಲ್ಕೂ ಒಂದೇ ಬಣ್ಣದವು. ಒಬ್ಬರು ಫೋಟೋಕ್ಕಾಗಿ ಮಾಸ್ಕ್ ತೆಗೆಸಲು ಹೋದರು. ಜನವರಿಯಲ್ಲಿ ಅದೇ ಸಾಲಿನಲ್ಲಿ ಅದೇ ಮಕ್ಕಳು ಕೂತಿರುತ್ತಾರೆ, ಆಗ ಯಾರೂ ಇಲ್ಲ.

ಹಾಗಾದರೆ ಏನು ಆಚರಿಸಬೇಕು ಅಂತ ಕೇಳಬಹುದು. ಮಗು ಯಾವುದನ್ನು ದೊಡ್ಡದು ಅಂದುಕೊಳ್ಳುತ್ತದೋ ಅದನ್ನು. ನಮ್ಮ ಮನೆಯಲ್ಲಿ ಕೊನೆಯ ಗುಳಿಗೆಯ ದಿನ ದೊಡ್ಡದಾಗಲೇ ಇಲ್ಲ. ಅವತ್ತು ನಾನು ಅತ್ತೆ, ಅವಳಿಗೆ ಬೇಜಾರಾಯಿತು. ಅವಳಿಗ ದೊಡ್ಡದಾದದ್ದು ಕೂದಲು ಜಡೆ ಹಾಕುವಷ್ಟು ಬೆಳೆದ ದಿನ, ಮತ್ತೆ ಎಲ್ಲರ ಜೊತೆ ಸ್ಟೇಷನ್ನಿನ ಹೊರಗೆ ವಡಾಪಾವ್ ತಿಂದ ದಿನ. ವಡಾಪಾವ್ ದಿನವನ್ನು ಈಗಲೂ ಪ್ರತಿವರ್ಷ ನೆನಪು ಮಾಡಿ ನಮ್ಮಿಂದ ವಸೂಲಿ ಮಾಡುತ್ತಾಳೆ. ಕ್ರಿಸ್ಮಸ್ಸಿಗೆ ಮೂರನೇ ಮಹಡಿಯ ಕಿಟಕಿಯಿಂದ ಕೇಳಿದ ಹಾಡು ಬೇಕು ಅಂತ ಕೇಳಿ ಕೇಳಿ ಈಗ ಅವಳೇ ಆ ಗುಂಪಿನಲ್ಲಿದ್ದಾಳೆ. ಜ್ವರ ಇರುವವರ ಮನೆ, ಮುದುಕರ ಮನೆ ಬಂದಾಗ ಮೇಲೆ ಹತ್ತದೆ ಕೆಳಗೇ ನಿಂತು ಹಾಡಬೇಕು ಅನ್ನುವುದು ಆ ಗುಂಪಿನಲ್ಲಿ ಈಗ ವಾಡಿಕೆಯಾಗಿದೆ.

ಊರಿನ ಹಿರಿಯರಿಗೆ ನಾನು ಬರೆದ ಉತ್ತರ ಇಷ್ಟು. ನಾವು 22ರ ರಾತ್ರಿಯ ರೈಲಿಗೆ ಹೊರಡುತ್ತೇವೆ. ದೃಢೀಕರಣ ಆಗಲಿ, ಬೇರೆ ಏಳು ಮಕ್ಕಳ ಜೊತೆ, ಅದೇ ಸಾಲಿನಲ್ಲಿ, ಅದೇ ಬಿಳಿ ಬಟ್ಟೆಯಲ್ಲಿ. ಪೆಂಡಾಲು ಬೇಡ. ಊಟದ ದುಡ್ಡು ಉಳಿದರೆ ಗದಗಿನಲ್ಲಿ ಒಂದು ರಕ್ತದಾನ ಶಿಬಿರ ಮಾಡಿ, ಮೊದಲ ಬಾಟಲಿ ನಮ್ಮ ಮನೆಯವರು ಕೊಡುತ್ತಾರೆ. ಕಾಯಿಲೆಯ ಬಗ್ಗೆ ಯಾರಾದರೂ ಅವಳನ್ನೇ ಕೇಳಿದರೆ ಅವಳು ಹೇಳುತ್ತಾಳೆ, ಹೇಳಬೇಕು ಅನ್ನಿಸಿದರೆ. ಅವಳ ಕೈಗೆ ಮೈಕ್ ಕೊಡಬೇಡಿ. ಚಿಗವ್ವಾ, ನೀನು ಲಟ್ಟಣಿಗೆ ಕೊಡು. ಕರಚಿಕಾಯಿಯ ಅಂಚು ಮಡಚುವುದು ಅವಳಿಗೆ ಇನ್ನೂ ಬರುವುದಿಲ್ಲ, ನನ್ನಿಂದ ಕಲಿಯುವುದಿಲ್ಲ ಅಂತಾಳೆ.